ಪಂಚ್ ಬಟ್ಟಲಿನಲ್ಲಿ ನಮ್ಮ ಪಾಲೆಷ್ಟು?

ದೀಪಾವಳಿ ಕಳೆದು ಪೆಟ್ಟಿಗೆಯೊಳಗಿನ ಸ್ವೆಟರುಗಳು ಹೊರಬಂದವೆಂದರೆ ದೆಹಲಿಯಲ್ಲಿರುವ ಕನ್ನಡಿಗರಾದ ನಮಗೆ ಬಿಸಿಬಿಸಿಯಾದ ಏನನ್ನಾದರೂ ಕುಡಿಯಬೇಕೆಂಬ ಚಪಲ ಹತ್ತುತ್ತದೆ. ಊರಿನಲ್ಲಿದ್ದಾಗ ಕಾಫಿಯೊಂದರಿಂದಲೇ ತೃಪ್ತವಾಗುತ್ತಿದ್ದ ಜೀವ, ಇಲ್ಲಿಯ ಡಿಸೆಂಬರಿನ ಸಂಜೆಗೆ ಶುಂಠಿ ಕಷಾಯವನ್ನೋ ಮಸಾಲೆ ಚಹಾವನ್ನೋ ಬೇಡುತ್ತದೆ. ರಾಜಧಾನಿಯ ಹೋಟೆಲುಗಳಲ್ಲಿ ಈ ದಿನಗಳಲ್ಲಿ ಇನ್ನೊಂದು ಪಾನೀಯವೂ ಕಾಣಿಸಿಕೊಳ್ಳುತ್ತದೆ. ಕಿತ್ತಳೆ, ನಿಂಬೆ, ಲವಂಗ, ಚಕ್ಕೆ, ಸಕ್ಕರೆ ಹಾಕಿ, ರಮ್ಮನ್ನೋ ದ್ರಾಕ್ಷಾರಸವನ್ನೋ ಬೆರೆಸಿ, ಹಬೆಯಾಡುವಂತೆ ಬಟ್ಟಲಿನಲ್ಲಿ ತಂದಿಡುವ ಬಿಸಿ ಪಂಚ್ ಅದು. ಇಂಗ್ಲಿಷರ ಕ್ರಿಸ್‌ಮಸ್ ಕಥೆಗಳನ್ನು ಓದಿದವರಿಗೆ ಇದು ಅವರ ಅಗ್ಗಿಷ್ಟಿಕೆಯ ಬದಿಯಲ್ಲೇ ಹುಟ್ಟಿದ ಪಾನೀಯವೆಂದು ತೋರುವುದು ಸಹಜ.

ಆದರೆ ಇದರ ಮಾತು ಬಂದಲ್ಲೆಲ್ಲ ನಮ್ಮವರಲ್ಲಿ ಯಾರಾದರೊಬ್ಬರು, "ಪಂಚ್ ಅಂದರೆ ನಮ್ಮ ಪಂಚವೇ ಕಣ್ರೀ! ಐದು ಸಾಮಾನು ಹಾಕಿ ಮಾಡುವುದರಿಂದ ಆ ಹೆಸರು" ಎಂದು ಹೇಳದೆ ಇರುವುದಿಲ್ಲ. ಪಂಚಾಮೃತ, ಪಂಚಕಜ್ಜಾಯ, ಪಂಚಗವ್ಯಗಳ ನಡುವೆ ಬೆಳೆದ ನಮಗೆ ಈ ಮಾತು ಕೇಳಿದೊಡನೆ ಹಿಡಿಸುತ್ತದೆ. ಹಿಡಿಸಿತು ಎಂಬ ಕಾರಣಕ್ಕೇ ಅದನ್ನು ನಿಜವೆಂದು ಮಂಜೂರು ಮಾಡಿಬಿಡುವುದು ಸರಿಯಲ್ಲ. ಕಚೇರಿಯಲ್ಲಿ ಒಂದು ಹಕ್ಕು ಮಂಡಿತವಾದರೆ ಹಳೆಯ ಕಡತ ತರಿಸಿ ನೋಡುವುದು ಪದ್ಧತಿ. ಈ ಹಕ್ಕಿನ ಕಡತವನ್ನೂ ಒಮ್ಮೆ ಬಿಚ್ಚಿ ನೋಡೋಣ.

ಕಡತದ ಮೊದಲ ಕಾಗದ 1632ನೆಯ ಇಸವಿಯದು. ಆ ವರ್ಷದ ಸೆಪ್ಟೆಂಬರ್ ತಿಂಗಳಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರ ರಾಬರ್ಟ್ ಆಡಮ್ಸ್ ಎಂಬಾತ ಕೋರಮಂಡಲ ತೀರದ ಪೆಟ್ಟಪೊಲಿಯ, ಅಂದರೆ ಇಂದಿನ ಆಂಧ್ರದ ನಿಜಾಮಪಟ್ಟಣದ, ಕೋಠಿಯಲ್ಲಿದ್ದ ವರ್ತಕನಿಗೆ ಕಾಗದ ಬರೆದ. ಎಲ್ಲರೂ ಹೊಂದಿಕೊಂಡಿರಿ, ಅಳತೆಯ ಹಂಗಿಲ್ಲದೆ ಪಂಚ್ ಕುಡಿಯಿರಿ ಎಂಬ ಅರ್ಥದ ಹಾರೈಕೆ ಅದರಲ್ಲಿದೆ. ಇಂಗ್ಲಿಷಿನಲ್ಲಿ ಈ ಪಾನೀಯದ ಹೆಸರು ಸಿಗುವ ಅತ್ಯಂತ ಹಳೆಯ ಬರಹ ಇದೇ. ಲಂಡನ್ನಿನಲ್ಲಲ್ಲ, ನಮ್ಮ ನೆರೆಯ ತೆಲುಗು ನಾಡಿನ ಕಡಲಂಚಿಗೆ ಬಂದ ಕಾಗದದಲ್ಲಿ ಅದು ಸಿಗುತ್ತದೆ ಎಂಬುದು ಗಮನಾರ್ಹ.

ಎರಡನೆಯ ಸಾಕ್ಷಿ ಜರ್ಮನ್ ಪ್ರವಾಸಿ ಮಾಂಡೆಲ್‌ಸ್ಲೋ. ಅವನು 1638ರಲ್ಲಿ ಸೂರತ್ತಿಗೆ ಬಂದು ಅಲ್ಲಿಯ ಇಂಗ್ಲಿಷ್ ಕೋಠಿಯ ಆತಿಥ್ಯದಲ್ಲಿದ್ದ. ಶುಕ್ರವಾರದ ಪ್ರಾರ್ಥನೆ ಮುಗಿದ ಮೇಲೆ ಕೋಠಿಯ ವಿವಾಹಿತರು ಒಂದೆಡೆ ಸೇರಿ, ಊರಿನಲ್ಲಿ ಬಿಟ್ಟುಬಂದ ಹೆಂಡಂದಿರನ್ನು ನೆನೆದು ಅವರ ಕ್ಷೇಮಕ್ಕಾಗಿ ಕುಡಿಯುತ್ತಿದ್ದರೆಂದು ಅವನು ಬರೆದಿದ್ದಾನೆ. ದೂರದ ಊರಿನಲ್ಲಿ ನೌಕರಿ ಮಾಡುವ ನಮಗೆ ಈ ಚಿತ್ರ ತೀರ ಅಪರಿಚಿತವೇನಲ್ಲ. ಅಲ್ಲಿ ಅವರು ಕುಡಿದದ್ದರಲ್ಲಿ 'ಪಾಲೆಪುಂಟ್ಸ್' ಎಂಬುದೊಂದು. 'ಬೌಲ್ ಆಫ್ ಪಂಚ್' ಎಂದದ್ದು ಜರ್ಮನ್ ಕಿವಿಗೆ ಹಾಗೆ ಬಿದ್ದಿರಬೇಕು. ಅದರಲ್ಲಿ ಹಾಕುತ್ತಿದ್ದ ಸಾಮಾನುಗಳನ್ನೂ ಅವನು ಪಟ್ಟಿ ಮಾಡಿದ್ದಾನೆ: ಸಾರಾಯಿ, ಪನ್ನೀರು, ನಿಂಬೆ ಜಾತಿಯ ಹಣ್ಣಿನ ರಸ, ಸಕ್ಕರೆ. ಎಣಿಸಿದರೆ ನಾಲ್ಕೇ!

ಮೂರನೆಯವನು ಔರಂಗಜೇಬನ ಕಾಲದಲ್ಲಿ ನಮ್ಮ ದೇಶದಲ್ಲಿದ್ದ ಫ್ರೆಂಚ್ ವೈದ್ಯ ಬರ್ನಿಯೇ. ಬಂಗಾಳದ ಇಂಗ್ಲಿಷರು ಮತ್ತು ಡಚ್ಚರು ಕುಡಿಯುತ್ತಿದ್ದ 'ಬುಲೆಪೊಂಜ್' ಎಂಬುದರಲ್ಲಿ ಬೆಲ್ಲದಿಂದ ಇಳಿಸಿದ ಸಾರಾಯಿ, ನಿಂಬೆರಸ, ನೀರು, ಮೇಲೆ ತುರಿದ ಜಾಯಿಕಾಯಿ ಇರುತ್ತಿದ್ದವೆಂದು ಅವನ ವರದಿ. ಇಲ್ಲಿಯೂ ನಾಲ್ಕೇ. ನಾಲಿಗೆಗೆ ಹಿತವಾದ ಇದು ದೇಹಕ್ಕೆ ಮಾತ್ರ ಮಾರಿ ಎಂದು ಆ ವೈದ್ಯ ಎಚ್ಚರಿಸಿದ್ದಾನೆ.

'ಐದು' ಎಂಬ ಮಾತನ್ನು ಹೇಳಿದವನು ನಾಲ್ಕನೆಯ ಸಾಕ್ಷಿ. ಈತ ಕಂಪನಿಯ ವೈದ್ಯ ಜಾನ್ ಫ್ರೈಯರ್. ಇವನ ಪರಿಚಯ ಕನ್ನಡಿಗರಿಗೆ ಇರಬೇಕು. ಏಕೆಂದರೆ ಇವನು ಕಾರವಾರದ ಇಂಗ್ಲಿಷ್ ಕೋಠಿಯಲ್ಲಿ ತಂಗಿದ್ದವನು. 1676ರಲ್ಲಿ ಗೋಕರ್ಣದ ಶಿವರಾತ್ರಿಯ ಜಾತ್ರೆಯನ್ನು ಕಣ್ಣಾರೆ ಕಂಡು ಬರೆದವನು. 1698ರಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥದಲ್ಲಿ, ಗೋವೆಯ ನೆರೂಲಿನಲ್ಲಿ ಅತ್ಯುತ್ತಮ ಸಾರಾಯಿ ತಯಾರಾಗುತ್ತದೆಂದೂ, ಈ ತೀರದ ಇಂಗ್ಲಿಷರು ಅದರಿಂದ ಶಕ್ತಿಗುಂದಿಸುವ ಪಂಚ್ ಎಂಬ ಪಾನೀಯ ಮಾಡುತ್ತಾರೆಂದೂ, ಹಿಂದುಸ್ತಾನಿಯಲ್ಲಿ ಆ ಪದಕ್ಕೆ ಐದು ಎಂದು ಅರ್ಥವೆಂದೂ, ಐದು ಸಾಮಾನುಗಳಿಂದ ಆ ಹೆಸರು ಬಂತೆಂದೂ ಹೇಳಿದೆ. ನಮ್ಮ ಸ್ನೇಹಿತರ ವಾದಕ್ಕೆ ಇವನೇ ಆಧಾರ. ತಮಾಷೆಯೆಂದರೆ, ವೈದ್ಯರು ಐದು ಮದ್ದುಗಳ ಮಿಶ್ರಣಕ್ಕೆ ಒಂದು ಹೆಸರಿಟ್ಟಂತೆ ನಾಲ್ಕರ ಮಿಶ್ರಣಕ್ಕೂ ಒಂದು ಹೆಸರಿಟ್ಟಿದ್ದಾರೆಂದು ಅವನೇ ಅಲ್ಲಿ ಸೇರಿಸಿಬಿಟ್ಟಿದ್ದಾನೆ.

ಭಾಷಾಶಾಸ್ತ್ರಜ್ಞರ ಆಕ್ಷೇಪಣೆ ಇನ್ನೊಂದು ಬಗೆಯದು. ಹದಿನೇಳನೆಯ ಶತಮಾನದ ಮೊದಲ ಭಾಗದಲ್ಲಿ ಇಂಗ್ಲಿಷರು ಆ ಪದವನ್ನು ಬಹುಮಟ್ಟಿಗೆ 'ಪುಂಚ್' ಎಂಬಂತೆ ಉಚ್ಚರಿಸುತ್ತಿದ್ದರು. 'ಪಂಚ' ಎಂದು ಕೇಳಿದವರು ಹಾಗೆ ಬರೆದಾರೆಯೇ ಎಂಬುದು ಅವರ ಪ್ರಶ್ನೆ. ಹಡಗಿನಲ್ಲಿ ಮದ್ಯ ತುಂಬುತ್ತಿದ್ದ 'ಪಂಚಿಯನ್' ಎಂಬ ಪೀಪಾಯಿಯಿಂದ ಈ ಹೆಸರು ಬಂದಿರಬಹುದೆಂದು ಅವರಲ್ಲಿ ಕೆಲವರು ಊಹಿಸುತ್ತಾರೆ. ಪಂಚ್ ಯೂರೋಪಿನಲ್ಲಿ ನೆಲೆಯೂರಿದ ಮೇಲೆ ಅಲ್ಲಿಯವರೂ ಐದೇ ಎಂದು ಪಟ್ಟುಹಿಡಿಯಲಿಲ್ಲ. ಜರ್ಮನ್ ಕವಿ ಷಿಲ್ಲರ್ 1803ರಲ್ಲಿ ಪಂಚ್ ಕುರಿತು ಬರೆದ ಹಾಡಿನಲ್ಲಿ ಎಣಿಸುವುದು ನಾಲ್ಕು ತತ್ವಗಳನ್ನು: ನಿಂಬೆ, ಸಕ್ಕರೆ, ನೀರು, ಮದ್ಯ.

ಆದ್ದರಿಂದ ಹೆಸರಿನ ಹಕ್ಕಿನ ಬಗ್ಗೆ ನಮ್ಮ ಟಿಪ್ಪಣಿ ಇಷ್ಟೇ: ಸಾಧ್ಯ, ಸಿದ್ಧವಲ್ಲ. ಹುಟ್ಟಿದ ಸ್ಥಳದ ವಿಷಯದಲ್ಲಿ ಮಾತ್ರ ಈ ಸಾಕ್ಷಿಗಳಲ್ಲಿ ಭೇದವಿಲ್ಲ. ಪೆಟ್ಟಪೊಲಿ, ಸೂರತ್ತು, ಬಂಗಾಳ, ಗೋವೆ: ನಾಲ್ಕೂ ನಮ್ಮ ಕಡಲತೀರಗಳೇ.

ನಮಗೆ ಅನ್ನಿಸುವುದೇನೆಂದರೆ, ಬಟ್ಟಲಿನ ಹೊರಗೆ ಅಂಟಿಸಿದ ಚೀಟಿಗಾಗಿ ವಾದಿಸುತ್ತ ಬಟ್ಟಲಿನ ಒಳಗಿರುವುದನ್ನು ನಾವು ನೋಡುವುದಿಲ್ಲ. ಇಂಗ್ಲಿಷರ 'ಶುಗರ್' ಸಂಸ್ಕೃತದ ಶರ್ಕರೆಯಿಂದ ಹೊರಟು ಪಾರಸಿ, ಅರಬ್ಬಿಗಳನ್ನು ಹಾದು ಹೋದದ್ದು. 'ಆರೆಂಜ್' ನಮ್ಮ ನಾರಂಗ. 'ಪೆಪ್ಪರ್' ನಮ್ಮ ಪಿಪ್ಪಲಿ. ಹಿಪ್ಪಲಿಯ ಹೆಸರನ್ನು ಕರಿಮೆಣಸೂ ಹೊತ್ತುಕೊಂಡು ಹೋಯಿತು. 'ಜಿಂಜರ್' ಎಂಬುದರ ಮೂಲ ದಕ್ಷಿಣದ ಇಂಜಿ. 'ಅರಕ್' ಮಾತ್ರ ಅರಬ್ಬಿ ಪದ, ಬೆವರು ಎಂದು ಅದರ ಅರ್ಥ. ಭಟ್ಟಿಯ ಕೊಳವೆಯಿಂದ ಹನಿಹನಿಯಾಗಿ ಇಳಿಯುವುದನ್ನು ಕಂಡವರಿಗೆ ಆ ಹೆಸರು ಏಕೆ ಬಂತೆಂದು ವಿವರಿಸಬೇಕಾಗಿಲ್ಲ. ಪಂಚ್ ಎಂಬ ಒಂದು ಪದ ನಮ್ಮದಲ್ಲವೆಂದು ತೀರ್ಮಾನವಾದರೂ ಈ ಉಳಿದ ಪದಗಳನ್ನು ಯಾರೂ ಕಿತ್ತುಕೊಳ್ಳಲಾರರು.

ಈ ಸಂಬಂಧ ಇಂಗ್ಲಿಷರಿಗಿಂತ ಬಹಳ ಹಿಂದಿನದು. ಅಪೀಸಿಯಸ್ ಎಂಬವನ ಹೆಸರಿನಲ್ಲಿ ಉಳಿದುಬಂದಿರುವ ರೋಮನ್ನರ ಪಾಕಗ್ರಂಥದ ಮೊದಲ ಪಾಕವೇ ಮಸಾಲೆ ಹಾಕಿದ ದ್ರಾಕ್ಷಾರಸ. ಜೇನುತುಪ್ಪ ಹಾಕಿ ಒಲೆಯ ಮೇಲೆ ಕಾಯಿಸಿ, ಮೆಣಸು, ಕೇಸರಿ, ಖರ್ಜೂರ ಸೇರಿಸಿ ಅದನ್ನು ತಯಾರಿಸುತ್ತಿದ್ದರು. ಆ ಮೆಣಸು ಹೋಗುತ್ತಿದ್ದುದು ಮಲಬಾರಿನ ಮುಜಿರಿಸ್ ಬಂದರಿನಿಂದ. ಭಾರತದ ಸರಕಿಗಾಗಿ ಪ್ರತಿವರ್ಷ ಐದು ಕೋಟಿ ಸೆಸ್ಟರ್ಸ್ ನಾಣ್ಯ ಕರಗಿಹೋಗುತ್ತಿದೆಯೆಂದು ಕ್ರಿ.ಶ. ಮೊದಲ ಶತಮಾನದಲ್ಲೇ ಪ್ಲಿನಿ ಪೇಚಾಡಿದ್ದ. ಹದಿನಾರನೆಯ ಶತಮಾನಕ್ಕೆ ಬಂದರೆ, ನಮ್ಮ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಪಶ್ಚಿಮದವರ ಚಳಿಗಾಲದ ಬಟ್ಟಲಿಗೆ ಖಾರವನ್ನು ಒದಗಿಸಿದ ನೆಲಗಳಲ್ಲಿ ಉತ್ತರ ಕನ್ನಡದ ಕಾಡೂ ಒಂದು.

ಇನ್ನು ಪಂಚ್ ಕಲಸಿದ ಕೈಗಳ ವಿಷಯ. ಹಡಗಿನಲ್ಲಿ ತಂದ ಬೀರು ಸಮಭಾಜಕದ ಸೆಕೆಗೆ ಹುಳಿದು ಹೋಗುತ್ತಿತ್ತು. ಒಳ್ಳೆಯ ದ್ರಾಕ್ಷಾರಸ ದುಬಾರಿಯಾಗಿತ್ತು. ಇಲ್ಲಿಯ ಸಾರಾಯಿ ಅಗ್ಗವಾದರೂ ಗಂಟಲು ಸುಡುವಂಥದು. ಅದರ ಉರಿ ತಗ್ಗಿಸಲು ನೀರು, ವಾಸನೆ ಮುಚ್ಚಲು ನಿಂಬೆ, ಹುಳಿ ಮುರಿಯಲು ಸಕ್ಕರೆ, ಮೇಲೊಂದು ಚಿಟಿಕೆ ಮಸಾಲೆ. ಇದು ಬಡ ನಾವಿಕನ ಜಾಣತನವೇ ಹೊರತು ದೊರೆಗಳ ವಿಲಾಸವಲ್ಲ. ರಾಮನವಮಿಗೆ ನಾವು ಮಾಡುವ ಪಾನಕದಲ್ಲೂ ಬೆಲ್ಲದ ಸಿಹಿ, ನಿಂಬೆಯ ಹುಳಿ, ಮೆಣಸು-ಶುಂಠಿಯ ಖಾರ ಇದೇ ರೀತಿ ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ. ಹೋಲಿಕೆ ಇದೆಯೆಂದು ಪಾನಕವೇ ಪಂಚಿನ ತಾಯಿ ಎಂದು ನಾವು ಸಾರುವುದಿಲ್ಲ. ಹೋಲಿಕೆ ಬೇರೆ, ವಂಶಾವಳಿ ಬೇರೆ.

ಕಂಪನಿಯ ಕೋಠಿಗಳಲ್ಲಿ ಇದನ್ನು ಕುಡಿದವರಲ್ಲಿ ಗುಮಾಸ್ತರೂ ಇದ್ದರು. ಕಂಪನಿಯ ನೌಕರಿಯ ಕೆಳಗಿನ ಮೆಟ್ಟಿಲಿಗೆ 'ರೈಟರ್' ಎಂದೇ ಹೆಸರು. ಕೋಲ್ಕತ್ತಾದ ರೈಟರ್ಸ್ ಬಿಲ್ಡಿಂಗ್ ಅವರ ಹೆಸರನ್ನು ಇನ್ನೂ ಉಳಿಸಿಕೊಂಡಿದೆ. ಹದಿಹರೆಯ ದಾಟುತ್ತಿದ್ದಂತೆ ಹಡಗು ಹತ್ತಿ, ಅಲ್ಪ ಸಂಬಳಕ್ಕೆ ಲೆಕ್ಕ ಬರೆಯುತ್ತ, ಹವೆ ಒಗ್ಗದೆ ಇಲ್ಲಿಯೇ ಮಣ್ಣಾದವರು ಅವರಲ್ಲಿ ಬಹಳ. ಎರಡು ಮಳೆಗಾಲವೇ ಮನುಷ್ಯನ ಆಯಸ್ಸು ಎಂಬ ಗಾದೆ ಆ ಕಾಲದ ಮುಂಬಯಿಯ ಇಂಗ್ಲಿಷರಲ್ಲಿ ಹುಟ್ಟಿದ್ದು ಸುಮ್ಮನೆ ಅಲ್ಲ. ಸಾವುಗಳಲ್ಲಿ ಜ್ವರದ ಪಾಲೆಷ್ಟೋ ಪಂಚಿನ ಪಾಲೂ ಅಷ್ಟೇ ಎಂದು ಹೇಳಲಾಗದಿದ್ದರೂ, ನಾವಿಕರ ಕುಡಿತವನ್ನು ಹತೋಟಿಗೆ ತಂದ ಮೇಲೆ ಬಂಗಾಳದಲ್ಲಿ ಅವರ ಆರೋಗ್ಯ ಸುಧಾರಿಸಿತೆಂದು ಬರ್ನಿಯೇ ದಾಖಲಿಸಿದ್ದಾನೆ. ಮನೆಯ ನೆನಪಿನ ಔಷಧಿಯೆಂದು ಹಿಡಿದ ಬಟ್ಟಲು ಮನೆಗೆ ಮರಳದಂತೆ ಮಾಡಿತು.

ನಮ್ಮ ಸೆಕೆಯ ನಾಡಿನಲ್ಲಿ ಹುಟ್ಟಿದ ಈ ಪಾನೀಯ ಬಿಸಿಯಾದದ್ದು ಹಡಗು ಹತ್ತಿ ಚಳಿಯ ನಾಡಿಗೆ ಹೋದ ಮೇಲೆ. ಲಂಡನ್ನಿನ ಲಡ್‌ಗೇಟ್ ಹಿಲ್‌ನಲ್ಲಿ ಜೇಮ್ಸ್ ಆಶ್ಲಿ ಎಂಬವನು 1731ರಲ್ಲಿ ತೆರೆದ ಪಂಚ್ ಅಂಗಡಿ ಪ್ರಸಿದ್ಧವಾಯಿತು. ಅದೇ ವರ್ಷ ಸ್ಥಾಪಿತವಾದ ಸ್ವೀಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಹಡಗು 1733ರಲ್ಲಿ ಪೂರ್ವದಿಂದ ಸಾರಾಯಿ ಹೊತ್ತು ತಂದಿತು. ಇಂದಿಗೂ ಸ್ವೀಡನ್ನಿನವರಿಗೆ ಗುರುವಾರದ ಬಟಾಣಿ ಸೂಪಿನೊಂದಿಗೆ ಬೆಚ್ಚಗಿನ ಪಂಚ್ ಕುಡಿಯುವ ರೂಢಿಯುಂಟು. ಪಂಚಿನ ಬಳಗಕ್ಕೆ ಸೇರಿದ 'ಬಿಷಪ್' ಎಂಬುದರಲ್ಲಿ ಹಣ್ಣಿನದೇ ಪ್ರಾಧಾನ್ಯ. ಇಡೀ ನಿಂಬೆಗೋ ಕಿತ್ತಳೆಗೋ ಲವಂಗ ಚುಚ್ಚಿ, ಬೆಂಕಿಯ ಬದಿಯಲ್ಲಿ ನಿಧಾನವಾಗಿ ಸುಟ್ಟು, ಮಸಾಲೆಯ ಕಷಾಯದೊಂದಿಗೆ ಬಿಸಿ ಪೋರ್ಟ್ ವೈನಿನಲ್ಲಿ ಬಿಡುವ ಪಾಕವನ್ನು 1845ರ ತನ್ನ ಅಡುಗೆ ಪುಸ್ತಕದಲ್ಲಿ ಎಲೈಜಾ ಆಕ್ಟನ್ ಕೊಟ್ಟಿದ್ದಾಳೆ. ಡಿಕನ್ಸನ 1843ರ ಕ್ರಿಸ್‌ಮಸ್ ಕಥೆಯ ಕೊನೆಯಲ್ಲಿ ಜಿಪುಣ ಸ್ಕ್ರೂಜ್ ಮನಸ್ಸು ಬದಲಾಯಿಸಿ ತನ್ನ ಬಡ ಗುಮಾಸ್ತನನ್ನು ಕುಡಿಯಲು ಕರೆಯುವುದು ಈ ಹೊಗೆಯಾಡುವ ಬಿಷಪ್‌ಗೇ. ಗುಮಾಸ್ತನ ಸಂಬಳ ಏರಿದ ಸಂತೋಷಕ್ಕೆ ಸಾಕ್ಷಿಯಾದ ಪಾನೀಯವೆಂಬ ಕಾರಣಕ್ಕೂ ಅದರ ಮೇಲೆ ನಮಗೊಂದಿಷ್ಟು ಪ್ರೀತಿ.

ಆದರೆ ಈ ಬಟ್ಟಲಿನ ಸಿಹಿಗೆ ತೆತ್ತ ಬೆಲೆಯನ್ನು ಮರೆಯುವಂತಿಲ್ಲ. ಮೇಲೆ ತುರಿಯುವ ಜಾಯಿಕಾಯಿ ಆಗ ಬೆಳೆಯುತ್ತಿದ್ದುದು ಇಂದಿನ ಇಂಡೊನೇಷ್ಯಾಕ್ಕೆ ಸೇರಿದ ಬಾಂಡಾ ದ್ವೀಪಗಳಲ್ಲಿ ಮಾತ್ರ. ಆ ವ್ಯಾಪಾರ ತಮ್ಮೊಬ್ಬರದೇ ಆಗಬೇಕೆಂದು ಡಚ್ಚರು 1621ರಲ್ಲಿ ದಂಡೆತ್ತಿ ಹೋದರು. ಸುಮಾರು 15,000 ಎಂದು ಅಂದಾಜು ಮಾಡಲಾದ ದ್ವೀಪವಾಸಿಗಳಲ್ಲಿ ಸತ್ತವರು, ಗುಲಾಮರಾದವರು, ಓಡಿಹೋದವರು ಕಳೆದು ಉಳಿದವರು ಸಾವಿರದಷ್ಟು. ಸಕ್ಕರೆಯ ಕಥೆ ಇನ್ನೂ ದೊಡ್ಡದು. ಸಾರಾಯಿಯ ಬದಲು ಇಂಗ್ಲಿಷರ ಪಂಚಿಗೆ ವೆಸ್ಟ್ ಇಂಡೀಸಿನ ರಮ್ಮು ಬಂತು. ರಮ್ಮೂ ಸಕ್ಕರೆಯೂ ಆಫ್ರಿಕದಿಂದ ಹಿಡಿದು ತಂದ ಗುಲಾಮರ ದುಡಿಮೆಯ ಫಲ. ಇದನ್ನು ಅರಿತ ಬ್ರಿಟನ್ನಿನ ಜನಸಾಮಾನ್ಯರು 1791ರಿಂದ ಆ ಸಕ್ಕರೆಯನ್ನೇ ತ್ಯಜಿಸಿದರು. ಹಾಗೆ ಬಿಟ್ಟವರು ಸುಮಾರು 3 ಲಕ್ಷ ಜನ ಎಂದು ಥಾಮಸ್ ಕ್ಲಾರ್ಕ್‌ಸನ್ನನ ಅಂದಾಜು. ವಿದೇಶಿ ಬಟ್ಟೆ ಸುಟ್ಟ ನಮ್ಮ ಹಿರಿಯರಿಗಿಂತ ನೂರು ವರ್ಷಕ್ಕೂ ಹಿಂದಿನ ಬಹಿಷ್ಕಾರ ಅದು. 1833ರಲ್ಲಿ ಗುಲಾಮಗಿರಿಯನ್ನು ರದ್ದು ಮಾಡುವ ಕಾನೂನು ಬಂದಿತು. ಕಬ್ಬಿನ ಗದ್ದೆಗಳಿಗೆ ಆಗ ಬೇರೆ ಕೈಗಳು ಬೇಕಾದವು. 1834ರಿಂದ ಮಾರಿಷಸ್ಸಿಗೆ, 1838ರಲ್ಲಿ ಬ್ರಿಟಿಷ್ ಗಯಾನಾಕ್ಕೆ ಕರಾರು ಕೂಲಿಗಳಾಗಿ ಹಡಗು ಹತ್ತಿದವರು ನಮ್ಮವರೇ. ಶರ್ಕರೆ ಎಂಬ ಪದವನ್ನು ಲೋಕಕ್ಕೆ ಕೊಟ್ಟ ದೇಶದ ಮಕ್ಕಳು ಪರದೇಶದಲ್ಲಿ ಕಬ್ಬು ಕಡಿಯಲು ಹೋದರು.

ವಿಜ್ಞಾನದ ಒಂದು ಮಾತನ್ನೂ ಹೇಳಬೇಕು. ಮದ್ಯ ಮೈ ಬಿಸಿ ಮಾಡುತ್ತದೆ ಎಂಬ ನಂಬಿಕೆ ದೆಹಲಿಯ ಚಳಿಯಲ್ಲಿ ಬಲವಾಗಿದೆ. ವಾಸ್ತವ ಇದಕ್ಕೆ ವಿರುದ್ಧ. ಮದ್ಯದಿಂದ ಚರ್ಮದ ಕೆಳಗಿನ ರಕ್ತನಾಳಗಳು ಹಿಗ್ಗಿ ಬೆಚ್ಚನೆಯ ರಕ್ತ ಹೊರಮೈಗೆ ಬರುತ್ತದೆ. ಮೈ ಕಾದಂತೆ ಅನಿಸುತ್ತದೆ. ಒಳಗಿನ ಶಾಖ ಮಾತ್ರ ಹೊರಗೆ ಸೋರಿಹೋಗುತ್ತಿರುತ್ತದೆ. ಚಳಿಯ ರಾತ್ರಿ ಕುಡಿದು ಬಯಲಲ್ಲಿ ಮಲಗಿದವನ ಪ್ರಾಣಕ್ಕೆ ಅಪಾಯ ಇದೇ ಕಾರಣದಿಂದ. ಹಾಗಾದರೆ ಬಿಸಿ ಪಂಚಿನ ಹಿತ ಬರುವುದೆಲ್ಲಿಂದ? ಬಿಸಿ ನೀರಿನಿಂದ, ಶುಂಠಿ-ಮೆಣಸಿನ ಖಾರದಿಂದ, ಹಣ್ಣಿನ ಸಿಪ್ಪೆಯ ಪರಿಮಳದಿಂದ. ಇವಕ್ಕೆ ಮದ್ಯದ ಅಗತ್ಯವೇ ಇಲ್ಲ.

ಆದ್ದರಿಂದ ಮನೆಮಂದಿಯೆಲ್ಲ ಕುಡಿಯಬಹುದಾದ ಕ್ರಮವನ್ನೇ ಇಲ್ಲಿ ಹೇಳುತ್ತೇವೆ. ಆರು ಜನಕ್ಕೆ ಎರಡು ನಿಂಬೆಹಣ್ಣಿನ ಹಳದಿ ಸಿಪ್ಪೆಯನ್ನು ತೆಳುವಾಗಿ ಹೆರೆಯಿರಿ. ಒಳಗಿನ ಬಿಳಿಯ ಭಾಗ ಕಹಿ, ಅದು ಬರಬಾರದು. ಈ ಸಿಪ್ಪೆಯನ್ನು ಅರ್ಧ ಲೋಟ ಸಕ್ಕರೆಯಲ್ಲಿ ಚೆನ್ನಾಗಿ ಕಿವುಚಿ ಒಂದು ಗಂಟೆ ಮುಚ್ಚಿಡಿ. ಸಿಪ್ಪೆಯ ಎಣ್ಣೆಯನ್ನು ಸಕ್ಕರೆ ಎಳೆದುಕೊಳ್ಳುತ್ತದೆ; ಹಳೆಯ ಪಂಚ್ ತಯಾರಕರ ಕೈಚಳಕವೆಲ್ಲ ಇದರಲ್ಲೇ ಇತ್ತು. ಒಂದು ಗಟ್ಟಿ ಕಿತ್ತಳೆಗೆ ಹತ್ತು ಲವಂಗ ಚುಚ್ಚಿ, ಸಣ್ಣ ಉರಿಯಲ್ಲಿ ತಿರುಗಿಸುತ್ತ ಸಿಪ್ಪೆ ಅಲ್ಲಲ್ಲಿ ಕಂದುವವರೆಗೆ ಸುಡಿ. ಐದು ಲೋಟ ನೀರಿಗೆ ಜಜ್ಜಿದ ಶುಂಠಿ, ಒಂದು ತುಂಡು ಚಕ್ಕೆ, ಆರೇಳು ಮೆಣಸಿನಕಾಳು ಹಾಕಿ ಹತ್ತು ನಿಮಿಷ ಕುದಿಸಿ ಇಳಿಸಿ. ಅದಕ್ಕೆ ಸಿಪ್ಪೆ-ಸಕ್ಕರೆ, ಸುಟ್ಟ ಕಿತ್ತಳೆ ಸೇರಿಸಿ ಹತ್ತು ನಿಮಿಷ ಮುಚ್ಚಿಡಿ. ಸೋಸಿ, ಎರಡು ನಿಂಬೆಯ ರಸ, ಎರಡು ಕಿತ್ತಳೆಯ ರಸ ಬೆರೆಸಿ, ಮೇಲೆ ಜಾಯಿಕಾಯಿ ತುರಿದು ಕೊಡಿ. ಹಣ್ಣಿನ ರಸ ಹಾಕಿದ ಮೇಲೆ ಕುದಿಸಬೇಡಿ, ರುಚಿ ಕೆಡುತ್ತದೆ. ರಮ್ಮು ಬೆರೆಸುವವರು ತಮ್ಮ ಲೋಟಕ್ಕೆ ತಾವೇ ಕೊನೆಗೆ ಬೆರೆಸಿಕೊಳ್ಳಲಿ. ಮದ್ಯಸಾರ 78 ಡಿಗ್ರಿಗೇ ಕುದಿಯುವುದರಿಂದ ಒಲೆಯ ಮೇಲೆ ಹಾಕುವುದು ನಷ್ಟವೂ ಹೌದು, ಬೆಂಕಿ ಹತ್ತುವ ಅಪಾಯವೂ ಹೌದು.

ಕಾಲದ ವಿನೋದ ನೋಡಿ. ಇಂಗ್ಲಿಷರು ಶುಕ್ರವಾರದ ಪಂಚ್ ಕುಡಿದ ಸೂರತ್ತು, 1960ರಲ್ಲಿ ರಾಜ್ಯ ರಚನೆಯಾದಂದಿನಿಂದ ಪಾನನಿರೋಧವನ್ನು ಹೊತ್ತಿರುವ ಗುಜರಾತಿಗೆ ಸೇರಿದೆ. ನಮ್ಮ ಕರ್ನಾಟಕದಲ್ಲಿ 2007ರ ಜುಲೈ ತಿಂಗಳಿನಿಂದ ಸಾರಾಯಿ ನಿಷಿದ್ಧ. ಗಂಡಂದಿರ ಕೂಲಿಯೆಲ್ಲ ಸಾರಾಯಿ ಪ್ಯಾಕೆಟ್ಟಿಗೆ ಸುರಿದುಹೋಗುವುದನ್ನು ಕಂಡ ಹೆಣ್ಣುಮಕ್ಕಳ ಕೂಗು ಆ ತೀರ್ಮಾನದ ಹಿಂದಿತ್ತು. ಪಂಚಿನ ಮೊದಲ ಸಾಮಾನೇ ತವರಿನಲ್ಲಿ ಬೇಡವಾಯಿತು. ನಿಂಬೆ, ಸಕ್ಕರೆ, ನೀರು, ಮಸಾಲೆಗಳಿಗೆ ಮಾತ್ರ ಯಾವ ಊರಿನಲ್ಲೂ ಆಕ್ಷೇಪವಿಲ್ಲ.

ಹಾಗಾದರೆ ಈ ಬಟ್ಟಲಿನಲ್ಲಿ ನಮ್ಮ ಪಾಲೆಷ್ಟು? ಹೆಸರನ್ನು ಬೇಕಾದರೆ ಅನುಮಾನದ ಖಾತೆಗೆ ಬರೆಯೋಣ. ಸಕ್ಕರೆ, ಕಿತ್ತಳೆ, ಮೆಣಸು, ಶುಂಠಿಗಳನ್ನು ನಿಸ್ಸಂದೇಹವಾಗಿ ನಮ್ಮ ಜಮೆಗೆ ಹಾಕಿಕೊಳ್ಳೋಣ. ಆದರೆ ಜಮೆಯನ್ನು ಬರೆದವರು ಖರ್ಚಿನ ಪುಟವನ್ನೂ ತಿರುವಿ ನೋಡಬೇಕು. ಅಲ್ಲಿ ಬಾಂಡಾದ ಜನ, ಆಫ್ರಿಕದ ಜನ, ಕರಾರು ಪತ್ರಕ್ಕೆ ಹೆಬ್ಬೆಟ್ಟೊತ್ತಿ ಹೋದ ನಮ್ಮ ಜನ ಇದ್ದಾರೆ. ಈ ಚಳಿಗಾಲದಲ್ಲಿ ಬಿಸಿ ಪಂಚ್ ಮಾಡಿ ನೆಂಟರಿಷ್ಟರನ್ನು ಕರೆದಾಗ 'ಪಂಚ ಎಂದರೆ ಐದು' ಎಂಬ ಅರ್ಧ ಸತ್ಯವನ್ನು ಬಿಟ್ಟು, ಈ ಲೆಕ್ಕವನ್ನು ಪೂರ್ತಿಯಾಗಿ ಹೇಳೋಣ. ಬಟ್ಟಲು ಬರಿದಾಗುವವರೆಗೆ ಮಾತಿಗೆ ಕೊರತೆಯಾಗಲಾರದು.